ನಿಂತು ದುಡಿಯುವವರ ಕಾಲುನೋವು: ಅಂಗಡಿಯಲ್ಲೇ ಮಾಡಬಹುದಾದ ವ್ಯಾಯಾಮ ಮತ್ತು ಮಾಲೀಕರ ಹೊಣೆ

ಬೆಂಗಳೂರಿನ ಹಳೆಯ ಪೇಟೆಗಳಾದ ನಗರ್ತಪೇಟೆ, ಚಿಕ್ಕಪೇಟೆ, ಬಳೇಪೇಟೆ, ಕಬ್ಬನ್‌ಪೇಟೆಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಅಂಗಡಿಯು ರಾತ್ರಿ ಮುಚ್ಚುವವರೆಗೆ ಮಾರಾಟ ಸಿಬ್ಬಂದಿಯ ಬಹುಪಾಲು ಸಮಯ ಕೌಂಟರಿನ ಹಿಂದೆ ನಿಂತೇ ಕಳೆಯುತ್ತದೆ. ಗಿರಾಕಿ ಇದ್ದಾಗ ಸೀರೆ ಬಿಡಿಸಿ ತೋರಿಸಲು, ಇಲ್ಲದಿದ್ದಾಗ ಬಿಡಿಸಿದ್ದನ್ನು ಮಡಿಚಿಡಲು. ಸಂಜೆಯ ವೇಳೆಗೆ ಮೀನಖಂಡದಲ್ಲಿ ಸೆಳೆತ, ಪಾದದಲ್ಲಿ ಊತ, ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಇದನ್ನು ನೌಕರರು ತಮ್ಮ ಹಣೆಬರಹವೆಂದೂ, ಮಾಲೀಕರು ವಯಸ್ಸಿನ ದೋಷವೆಂದೂ ತಿಳಿದು ಸುಮ್ಮನಾಗುವುದೇ ಹೆಚ್ಚು. ಇಪ್ಪತ್ತು ವರ್ಷ ಒಂದೇ ಅಂಗಡಿಯಲ್ಲಿದ್ದು, ಗಿರಾಕಿಗಳ ಮನೆತನ, ಅಭಿರುಚಿಗಳನ್ನೆಲ್ಲ ಬಲ್ಲ ಹಿರಿಯ ಮಾರಾಟಗಾರನೊಬ್ಬ ಕಾಲುನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಾಗ ಮಾತ್ರ ನಷ್ಟದ ಅರಿವಾಗುತ್ತದೆ.

ಈ ನೋವಿನ ಬಹುಭಾಗವನ್ನು ಸರಳ ವ್ಯಾಯಾಮದಿಂದ ಹತೋಟಿಯಲ್ಲಿಡಬಹುದು. ಆದರೆ ವ್ಯಾಯಾಮ ಮಾಡುವುದು ನೌಕರನ ಕೈಯಲ್ಲಿದ್ದರೂ, ಅದಕ್ಕೆ ಬೇಕಾದ ಐದು ನಿಮಿಷ ಮತ್ತು ಒಂದು ಆಸನ ಮಾಲೀಕನ ಕೈಯಲ್ಲಿವೆ. ಆದ್ದರಿಂದ ಇದು ಆರೋಗ್ಯದ ವಿಷಯವಾಗಿರುವಷ್ಟೇ ವ್ಯಾಪಾರದ ಆಡಳಿತಕ್ಕೂ ಸಂಬಂಧಪಟ್ಟ ವಿಷಯವಾಗಿದೆ.

ಗಾದಿಯಿಂದ ಕೌಂಟರಿಗೆ

ಪೇಟೆಯ ಜವಳಿ ವ್ಯಾಪಾರವು ಮೂಲತಃ ಕುಳಿತು ಮಾಡುವ ವ್ಯಾಪಾರವಾಗಿತ್ತು. ಬಿಳಿಯ ಹಾಸು ಹೊದಿಸಿದ ಗಾದಿಯ ಮೇಲೆ ಸಾಹುಕಾರರು, ಗುಮಾಸ್ತರು, ಗಿರಾಕಿಗಳು ಎಲ್ಲರೂ ಕುಳಿತು ಬಟ್ಟೆ ನೋಡಿ ಬೆಲೆ ಮಾತನಾಡುತ್ತಿದ್ದರು. ಚಿಕ್ಕಪೇಟೆಯ ಕೆಲವು ರೇಷ್ಮೆ ಅಂಗಡಿಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಗಾಜಿನ ಕೌಂಟರು, ಗೋಡೆಯುದ್ದದ ಕಪಾಟುಗಳು ಬಂದ ಮೇಲೆ ಗಿರಾಕಿಗೆ ಕುರ್ಚಿ ದೊರೆಯಿತು, ಮಾರಾಟಗಾರ ಎದ್ದು ನಿಂತನು. ಕುಳಿತ ನೌಕರನು ಸೋಮಾರಿಯಂತೆ ಕಾಣುತ್ತಾನೆ, ಗಿರಾಕಿಗೆ ಅಗೌರವ ತೋರಿದಂತಾಗುತ್ತದೆ ಎಂಬ ಭಾವನೆ ಇದರ ಜೊತೆಯಲ್ಲೇ ಬೆಳೆಯಿತು. ಆದರೆ ಗಾದಿಯ ಮೇಲೆ ಕುಳಿತೇ ಸೀರೆ ಬಿಡಿಸುವ ವ್ಯಾಪಾರಿಯನ್ನು ಯಾವ ಗಿರಾಕಿಯೂ ಅಗೌರವ ತೋರಿದನೆಂದು ದೂರಿಲ್ಲ. ನೌಕರನಿಗೆ ಆಸನ ಕೊಡುವುದು ಪೇಟೆಯ ಸಂಪ್ರದಾಯಕ್ಕೆ ಹೊರಗಿನದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಸಮಸ್ಯೆ ಜವಳಿ ಅಂಗಡಿಗಳಿಗೆ ಮಾತ್ರ ಸೀಮಿತವಲ್ಲ. ಸಿದ್ಧ ಉಡುಪಿನ ಘಟಕಗಳಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್, ಇಸ್ತ್ರಿ ಮಾಡುವವರು, ಪ್ಯಾಕಿಂಗ್ ಮೇಜಿನ ಮುಂದಿರುವವರು, ಮುದ್ರಣಾಲಯದ ಯಂತ್ರ ನಡೆಸುವವರು, ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಮುಂದೆ ನಿಲ್ಲುವವರು, ಹೋಟೆಲಿನ ಒಲೆಯ ಮುಂದಿರುವ ಅಡಿಗೆಯವರು ಇವರೆಲ್ಲರೂ ಇದೇ ಸಾಲಿಗೆ ಸೇರುತ್ತಾರೆ.

ನೋವು ಏಕೆ ಬರುತ್ತದೆ?

ಹೃದಯವು ಕಾಲಿಗೆ ಕಳುಹಿಸಿದ ರಕ್ತವು ಅಭಿಧಮನಿಗಳ ಮೂಲಕ ಮೇಲೇರಿ ಹೃದಯಕ್ಕೆ ಮರಳಬೇಕು. ಭೂಮಿಯ ಸೆಳೆತಕ್ಕೆ ಎದುರಾಗಿ ಅದು ಮೇಲೇರಲು ಎರಡು ಏರ್ಪಾಡುಗಳಿವೆ. ಒಂದು, ಅಭಿಧಮನಿಗಳ ಒಳಗಿರುವ, ಮೇಲ್ಮುಖವಾಗಿ ಮಾತ್ರ ತೆರೆಯುವ ಕವಾಟಗಳು. ಇನ್ನೊಂದು, ಮೀನಖಂಡದ ಸ್ನಾಯುಗಳು. ಮನುಷ್ಯ ಹೆಜ್ಜೆ ಹಾಕಿದಾಗಲೆಲ್ಲ ಈ ಸ್ನಾಯುಗಳು ಬಿಗಿದು ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಇದರಿಂದಲೇ ವೈದ್ಯರು ಮೀನಖಂಡವನ್ನು ‘ಎರಡನೆಯ ಹೃದಯ’ ಎಂದು ಕರೆಯುವುದುಂಟು.

ಅಲುಗದೆ ನಿಂತಾಗ ಈ ಪಂಪು ಕೆಲಸ ಮಾಡುವುದಿಲ್ಲ. ಆಗ ಹರಡಿನ ಬಳಿಯ ಅಭಿಧಮನಿಯಲ್ಲಿ ಒತ್ತಡವು ಸುಮಾರು 90 ಮಿ.ಮೀ. ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ, ಆರೋಗ್ಯವಂತರಲ್ಲಿ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ನೋವಿಗೆ ಮುಖ್ಯ ಕಾರಣ ನಿಲ್ಲುವುದಕ್ಕಿಂತ ಹೆಚ್ಚಾಗಿ ಅಲುಗದೆ ನಿಲ್ಲುವುದು. ಗಂಟೆಗಟ್ಟಲೆ ಒತ್ತಡ ಏರಿಯೇ ಇದ್ದರೆ ರಕ್ತದ ನೀರಿನಂಶವು ನಾಳದಿಂದ ಹೊರಕ್ಕೆ ಒಸರಿ ಪಾದ ಊದುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಕವಾಟಗಳು ಸಡಿಲಗೊಂಡು ರಕ್ತನಾಳಗಳು ಹುರಿಯಂತೆ ಉಬ್ಬಿಕೊಳ್ಳಬಹುದು. ಇದನ್ನೇ ವೆರಿಕೋಸ್ ವೇಯ್ನ್ಸ್ ಎನ್ನುವುದು. ವಂಶವಾಹಿ ಕಾರಣ, ಹೆಚ್ಚಿನ ತೂಕ, ಬಸಿರುಗಳೂ ಇದಕ್ಕೆ ದಾರಿ ಮಾಡುತ್ತವೆ. ಆದುದರಿಂದ ಒಂದೇ ಕೌಂಟರಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು.

ರಕ್ತನಾಳದ ಜೊತೆಗೆ ಇನ್ನೆರಡು ಭಾಗಗಳಿಗೂ ಶ್ರಮ ತಟ್ಟುತ್ತದೆ. ಶರೀರವನ್ನು ನೆಟ್ಟಗೆ ಹಿಡಿದಿರಲು ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರಬೇಕಾಗುತ್ತದೆ. ಹಾಗೆ ಬಿಗಿದ ಸ್ನಾಯುವಿಗೆ ರಕ್ತದ ಪೂರೈಕೆ ಕಡಿಮೆಯಾಗಿ ದಣಿವು ಬೇಗ ಬರುತ್ತದೆ. ಅಂಗಾಲಿನ ಕಮಾನನ್ನು ಹಿಡಿದಿಡುವ ನಾರಿನಂಥ ಪಟ್ಟಿಯು ಗಟ್ಟಿ ನೆಲದ ಮೇಲೆ ಸತತವಾಗಿ ಜಗ್ಗಿ ಹಿಮ್ಮಡಿಯ ಬಳಿ ನೋಯತೊಡಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ಚುಚ್ಚಿದಂತಾದರೆ ಹೆಚ್ಚಾಗಿ ಇದೇ ಕಾರಣ.

ಇದು ಹೊಸ ಕಾಲದ ಸಂಶೋಧನೆಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿಯು 1700ರಲ್ಲಿ ಪ್ರಕಟಿಸಿದ, ವೃತ್ತಿಜನ್ಯ ರೋಗಗಳನ್ನು ಕುರಿತ ಗ್ರಂಥದಲ್ಲಿ ನಿಂತು ದುಡಿಯುವವರ ಉಬ್ಬಿದ ನಾಳಗಳನ್ನೂ ಕಾಲಿನ ಹುಣ್ಣುಗಳನ್ನೂ ಗುರುತಿಸಿದ್ದನು. ಡೆನ್ಮಾರ್ಕಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು, ದಿನದ ಬಹುಪಾಲು ನಿಂತೋ ನಡೆದೋ ಕೆಲಸ ಮಾಡುವವರು ಉಬ್ಬಿದ ನಾಳಗಳಿಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಹೆಚ್ಚೆಂದು ತೋರಿಸಿತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಏಳು ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಆರೋಗ್ಯವನ್ನು 12 ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ನಿಂತು ಕೆಲಸ ಮಾಡುವವರಲ್ಲಿ ಹೃದ್ರೋಗದ ಪ್ರಮಾಣವು ಹೆಚ್ಚಾಗಿ ಕುಳಿತು ಕೆಲಸ ಮಾಡುವವರ ಸುಮಾರು ಎರಡರಷ್ಟಿತ್ತು.

ಕೌಂಟರಿನ ಹಿಂದೆಯೇ ಮಾಡಬಹುದಾದ ವ್ಯಾಯಾಮಗಳು

ಇವುಗಳಿಗೆ ಬೇರೆ ಜಾಗವಾಗಲಿ ಉಡುಪಾಗಲಿ ಬೇಡ. ಗಂಟೆಗೊಮ್ಮೆ ಎರಡು ನಿಮಿಷ ಸಾಕು.

1. ಹಿಮ್ಮಡಿ ಎತ್ತುವುದು: ಕೌಂಟರಿನ ಅಂಚನ್ನು ಹಗುರವಾಗಿ ಹಿಡಿದು ಎರಡೂ ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ತುದಿಗಾಲಿನಲ್ಲಿ ನಿಂತು, ಮೂರು ಎಣಿಸಿ, ಅಷ್ಟೇ ನಿಧಾನವಾಗಿ ಇಳಿಸಬೇಕು. ಒಂದು ಸಲಕ್ಕೆ 10ರಿಂದ 15 ಬಾರಿ. ಮೀನಖಂಡದ ಪಂಪನ್ನು ನಡೆಸಲು ಇದಕ್ಕಿಂತ ಉತ್ತಮ ವ್ಯಾಯಾಮವಿಲ್ಲ. ಎಲ್ಲವನ್ನೂ ಮಾಡಲಾಗದವರು ಇದೊಂದನ್ನಾದರೂ ಬಿಡಬಾರದು.

2. ಬೆರಳು ಎತ್ತುವುದು: ಹಿಮ್ಮಡಿಯನ್ನು ನೆಲಕ್ಕೆ ಊರಿ ಪಾದದ ಮುಂಭಾಗವನ್ನು ಮೇಲಕ್ಕೆತ್ತಿ ಇಳಿಸಬೇಕು, 10 ಬಾರಿ.

3. ನಿಂತಲ್ಲೇ ಹೆಜ್ಜೆ: ಒಂದು ನಿಮಿಷ ಮೊಣಕಾಲನ್ನು ಸ್ವಲ್ಪ ಮೇಲೆತ್ತಿ ನಿಂತಲ್ಲೇ ನಡೆಯಬೇಕು.

4. ಅರ್ಧ ಬೈಠಕ್: ಕೌಂಟರನ್ನು ಹಿಡಿದು, ಕುರ್ಚಿಯ ಮೇಲೆ ಕೂರುವವರಂತೆ ಅರ್ಧದಷ್ಟೇ ಬಗ್ಗಿ ಏಳಬೇಕು, 5ರಿಂದ 8 ಬಾರಿ. ಮೊಣಕಾಲು ನೋವಿರುವವರು ಇದನ್ನು ಬಿಡುವುದು ಒಳ್ಳೆಯದು.

5. ಭಾರ ಬದಲಿಸುವುದು: ಸುಮಾರು ಒಂದು ಮೊಳದೊಳಗಿನ ಎತ್ತರದ ಮರದ ಮಣೆ ಅಥವಾ ಪೆಟ್ಟಿಗೆಯ ಮೇಲೆ ಒಂದು ಕಾಲನ್ನಿಟ್ಟು ನಿಂತು, ಕೆಲವು ನಿಮಿಷಗಳಿಗೊಮ್ಮೆ ಕಾಲು ಬದಲಿಸಬೇಕು. ಇದರಿಂದ ಸೊಂಟಕ್ಕೂ ಬಿಡುವು ದೊರೆಯುತ್ತದೆ.

ವಿರಾಮದ ವೇಳೆಯ ವ್ಯಾಯಾಮಗಳು

1. ಮೀನಖಂಡ ಚಾಚುವುದು: ಗೋಡೆಗೆ ಎರಡೂ ಅಂಗೈಗಳನ್ನು ಒತ್ತಿ, ಒಂದು ಕಾಲನ್ನು ಹಿಂದಿಟ್ಟು, ಅದರ ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಬೇಕು. ಎಳೆತ ತಿಳಿಯುವಲ್ಲಿ 20ರಿಂದ 30 ಸೆಕೆಂಡು ನಿಲ್ಲಬೇಕು. ಮೊದಲು ಹಿಂದಿನ ಮೊಣಕಾಲು ನೆಟ್ಟಗಿರಲಿ, ಅನಂತರ ಸ್ವಲ್ಪ ಮಡಿಸಿರಲಿ. ಎರಡರಿಂದ ಎರಡು ಬೇರೆ ಸ್ನಾಯುಗಳು ಸಡಿಲವಾಗುತ್ತವೆ. ಪ್ರತಿ ಕಾಲಿಗೆ ಎರಡೆರಡು ಬಾರಿ. ಜರ್ಕು ಕೊಡಬಾರದು.

2. ಪಾದ ತಿರುಗಿಸುವುದು: ಕುಳಿತು ಒಂದು ಕಾಲನ್ನು ಮುಂದೆ ಚಾಚಿ ಪಾದವನ್ನು ಬಲಕ್ಕೆ 10, ಎಡಕ್ಕೆ 10 ಸುತ್ತು ತಿರುಗಿಸಬೇಕು.

3. ಅಂಗಾಲು ಉಜ್ಜುವುದು: ನೀರು ತುಂಬಿದ ಚಿಕ್ಕ ಬಾಟಲಿಯನ್ನು ನೆಲದ ಮೇಲೆ ಮಲಗಿಸಿ, ಕುಳಿತುಕೊಂಡು ಅಂಗಾಲಿನಿಂದ ಅದನ್ನು ಹಿಂದೆ ಮುಂದೆ ಉರುಳಿಸಬೇಕು. ಪ್ರತಿ ಪಾದಕ್ಕೆ ಎರಡು ನಿಮಿಷ. ಹಿಮ್ಮಡಿ ನೋವಿರುವವರಿಗೆ ಇದು ಬಹಳ ಅನುಕೂಲ.

4. ತೊಡೆಯ ಹಿಂಭಾಗ ಚಾಚುವುದು: ಸ್ಟೂಲಿನ ಅಂಚಿನಲ್ಲಿ ಕುಳಿತು ಒಂದು ಕಾಲನ್ನು ನೆಟ್ಟಗೆ ಚಾಚಿ, ಬೆನ್ನು ಬಾಗಿಸದೆ ಸೊಂಟದಿಂದ ಮುಂದಕ್ಕೆ ವಾಲಿ 20 ಸೆಕೆಂಡು ಇರಬೇಕು.

ಮನೆಯಲ್ಲಿ

ರಾತ್ರಿ ಮನೆಗೆ ಬಂದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಗೋಡೆಗೆ ಆನಿಸಿಯೋ ಎರಡು ದಿಂಬುಗಳ ಮೇಲಿಟ್ಟೋ ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿ 10ರಿಂದ 15 ನಿಮಿಷ ಇರಿಸಿದರೆ ಊತ ಇಳಿಯುತ್ತದೆ. ಉಸಿರಾಟದ ತೊಂದರೆ ಅಥವಾ ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಮಾಡತಕ್ಕದ್ದು. ದಿನವೆಲ್ಲ ನಿಂತವನಿಗೆ ನಡಿಗೆ ಏಕೆ ಎಂಬ ಪ್ರಶ್ನೆ ಸಹಜ. ಆದರೆ ನಿಲ್ಲುವುದು ಬೇರೆ, ನಡೆಯುವುದು ಬೇರೆ. ನಿಂತಾಗ ನಿಂತುಹೋಗುವ ಪಂಪು ನಡೆದಾಗ ಕೆಲಸ ಮಾಡುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕಿನಲ್ಲಿ ನಡೆಯಲು ಬಿಡುವಿಲ್ಲದವರು ಒಂದು ನಿಲ್ದಾಣ ಮೊದಲೇ ಬಸ್ಸಿಳಿದು ಅಂಗಡಿಗೆ ನಡೆದು ಬಂದರೂ ಸಾಕು.

ಈಗಾಗಲೇ ಉಬ್ಬಿದ ನಾಳಗಳನ್ನು ವ್ಯಾಯಾಮವು ಮೊದಲಿನಂತೆ ಮಾಡಲಾರದು. ಅದು ನೋವನ್ನು, ಊತವನ್ನು ತಗ್ಗಿಸಬಲ್ಲದು. ಸ್ನಾಯುಗಳು ಬಲಗೊಳ್ಳಲು ಆರರಿಂದ ಎಂಟು ವಾರಗಳಾದರೂ ಬೇಕು. ನಾಲ್ಕು ದಿನ ಮಾಡಿ ಫಲವಿಲ್ಲವೆಂದು ಬಿಡಬಾರದು.

ನೆಲ, ಪಾದರಕ್ಷೆ, ನೀರು, ಆಸನ

ಪೇಟೆಯ ಜವಳಿ ಮತ್ತು ಆಭರಣದ ಅಂಗಡಿಗಳಲ್ಲಿ ಚಪ್ಪಲಿಯನ್ನು ಹೊರಗೆ ಬಿಡುವ ಪದ್ಧತಿ ವ್ಯಾಪಕವಾಗಿದೆ. ಅಲ್ಲಿ ಸಿಬ್ಬಂದಿಯು ಬರಿಗಾಲಿನಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ದಿನವೆಲ್ಲ ನಿಲ್ಲುತ್ತದೆ. ಪದ್ಧತಿಯನ್ನು ಬಿಡಬೇಕಾಗಿಲ್ಲ. ಕೌಂಟರಿನ ಹಿಂದೆ ನಿಲ್ಲುವ ಜಾಗಕ್ಕೆ ದಪ್ಪನಾದ ರಬ್ಬರ್ ಹಾಸು ಹಾಕಿದರೆ ಅಂಗಾಲಿಗೆ ಬೀಳುವ ಶ್ರಮ ಗಮನಾರ್ಹವಾಗಿ ಇಳಿಯುತ್ತದೆ. ಹಾಸಿನ ಅಂಚು ಮಡಿಚಿ ಎಡವದಂತೆ ನೋಡಿಕೊಳ್ಳಬೇಕು. ಇಲ್ಲವೇ ಅಂಗಡಿಯೊಳಗೆ ಮಾತ್ರ ತೊಡುವ, ಹೊರಗೆ ಒಯ್ಯದ ಮೆತ್ತನೆಯ ಪಾದರಕ್ಷೆಯನ್ನು ಪ್ರತಿಯೊಬ್ಬರಿಗೂ ಕೊಡಿಸಬಹುದು. ಕಾರ್ಖಾನೆಯ ಕಾಂಕ್ರೀಟ್ ನೆಲಕ್ಕೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಸುರಕ್ಷತಾ ಬೂಟಿನೊಳಗೆ ಒಳ್ಳೆಯ ಒಳಹಾಸು ಇರಬೇಕು.

ನೀರಿನ ವಿಷಯವೂ ಮುಖ್ಯ. ಹಳೆಯ ಕಟ್ಟಡಗಳಲ್ಲಿ ಶೌಚಾಲಯದ ಅಭಾವವಿರುವಲ್ಲಿ ಸಿಬ್ಬಂದಿಯು, ವಿಶೇಷವಾಗಿ ಮಹಿಳೆಯರು, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದು ಕಾಲಿಗಿಂತ ಮೊದಲು ಮೂತ್ರಕೋಶಕ್ಕೆ ಕೇಡು. ನಾಲ್ಕಾರು ಅಂಗಡಿಗಳು ಸೇರಿ ಒಂದು ಶುಚಿಯಾದ ಶೌಚಾಲಯವನ್ನು ನಡೆಸುವುದು ಅಸಾಧ್ಯವೇನಲ್ಲ.

ಆಸನವೆಂದರೆ ದೊಡ್ಡ ಕುರ್ಚಿಯೇ ಆಗಬೇಕೆಂದಿಲ್ಲ. ಕೌಂಟರಿನ ಹಿಂದೆ ಅರ್ಧ ಕುಳಿತು ಅರ್ಧ ನಿಂತಂತೆ ಒರಗಬಹುದಾದ ಎತ್ತರದ ಸ್ಟೂಲು, ಗೋಡೆಗೆ ಕೀಲು ಹಾಕಿ ಮಡಿಚಿಡಬಹುದಾದ ಹಲಗೆ ಇವು ಇಕ್ಕಟ್ಟಿನ ಅಂಗಡಿಗೂ ಹೊಂದುತ್ತವೆ. ಇಬ್ಬರು ಮೂವರಿಗೆ ಒಂದರಂತೆ ಇದ್ದು, ಗಿರಾಕಿ ಇಲ್ಲದ ವೇಳೆ ಸರದಿಯಲ್ಲಿ ಬಳಸಿದರೂ ಆದೀತು. ಕೌಂಟರು, ಗೋದಾಮು, ಪ್ಯಾಕಿಂಗ್ ಕೆಲಸಗಳನ್ನು ಒಬ್ಬರಿಗೇ ಕಟ್ಟಿಹಾಕದೆ ದಿನದಲ್ಲಿ ಎರಡು ಸಲ ಬದಲಿಸಿದರೆ ಅಲುಗದೆ ನಿಲ್ಲುವ ಅವಧಿ ತಾನಾಗಿಯೇ ಕುಗ್ಗುತ್ತದೆ.

ಕುಳಿತೇ ಇರುವುದೂ ಪರಿಹಾರವಲ್ಲ. ಗಲ್ಲಾದ ಮುಂದೆ ಬೆಳಗಿನಿಂದ ಕುಳಿತ ಮಾಲೀಕರಿಗೂ, ನಗರ್ತಪೇಟೆಯ ಚಿನ್ನ-ಬೆಳ್ಳಿ ಕೆಲಸದ ಕೊಠಡಿಗಳಲ್ಲಿ ಕಾಲು ಮಡಿಚಿ ಕುಳಿತ ಕುಶಲಕರ್ಮಿಗಳಿಗೂ ಗಂಟೆಗೊಮ್ಮೆ ಎದ್ದು ಇದೇ ವ್ಯಾಯಾಮಗಳನ್ನು ಮಾಡುವುದು ಅವಶ್ಯ.

ಕಾಯಿದೆ ಏನು ಹೇಳುತ್ತದೆ?

ಅಂಗಡಿಯ ಸಿಬ್ಬಂದಿಗೆ ಆಸನವೆಂಬುದು ಹಳೆಯ ಬೇಡಿಕೆ. ಬ್ರಿಟನ್ನಿನಲ್ಲಿ 1899ರಲ್ಲಿಯೇ ಬಂದ ಕಾಯಿದೆಯು ಮೂವರು ಮಹಿಳಾ ಸಿಬ್ಬಂದಿಗೆ ಒಂದು ಆಸನವಿರಬೇಕೆಂದು ವಿಧಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1964ರಲ್ಲಿ ಅಂಗೀಕರಿಸಿದ 120ನೆಯ ಒಡಂಬಡಿಕೆಯು, ವಾಣಿಜ್ಯ ಸಂಸ್ಥೆ ಮತ್ತು ಕಚೇರಿಗಳಲ್ಲಿ ಸಾಕಷ್ಟು ಆಸನಗಳಿರಬೇಕು ಮತ್ತು ಅವುಗಳನ್ನು ಬಳಸಲು ಅವಕಾಶವಿರಬೇಕು ಎಂದಿತು. ಎರಡನೆಯ ಮಾತು ಗಮನಾರ್ಹ: ಸ್ಟೂಲು ಇದ್ದರೂ ಅದರ ಮೇಲೆ ಕೂರಲು ಹೆದರುವ ವಾತಾವರಣವಿದ್ದರೆ ಅದು ಆಸನವೆನಿಸದು.

ನಮ್ಮ ನೆರೆಯಲ್ಲಿ, ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಮಹಿಳಾ ನೌಕರರು ಶೌಚಾಲಯಕ್ಕಾಗಿ ಆರಂಭಿಸಿದ ಹೋರಾಟವು ಕೂರುವ ಹಕ್ಕಿನ ಬೇಡಿಕೆಯಾಗಿ ಬೆಳೆಯಿತು. ಕೇರಳವು 2018ರಲ್ಲಿ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಆಸನವನ್ನು ಕಡ್ಡಾಯಗೊಳಿಸಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು.

ಕರ್ನಾಟಕದಲ್ಲಿ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು, ಸತತ ಐದು ಗಂಟೆಗಿಂತ ಹೆಚ್ಚು ದುಡಿಸದೆ ನಡುವೆ ಕನಿಷ್ಠ ಒಂದು ಗಂಟೆಯ ವಿರಾಮ ಕೊಡಬೇಕೆಂಬ ನಿಯಮವನ್ನು ತಂದಿತು. ಕಾರ್ಖಾನೆಗಳ ವಿಷಯದಲ್ಲಿ, ನಿಂತು ಕೆಲಸ ಮಾಡಬೇಕಾದವರಿಗೆ ಆಸನದ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣವು ವಿಧಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳನ್ನು ಕುರಿತ 2020ರ ಸಂಹಿತೆಯೂ ನಿಂತು ದುಡಿಯುವವರ ಆಸನವನ್ನು ಕಲ್ಯಾಣ ಸೌಲಭ್ಯಗಳಲ್ಲಿ ಸೇರಿಸಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ವ್ಯಾಪಾರದ ಸ್ಥಳವೂ ಈ ಸಂಹಿತೆಯ ‘ಸಂಸ್ಥೆ’ ಎಂಬ ಅರ್ಥದೊಳಗೆ ಬರುವುದರಿಂದ ದೊಡ್ಡ ಅಂಗಡಿಗಳ ಮಾಲೀಕರು ಇದನ್ನು ಲಕ್ಷಿಸಬೇಕು. ಚಿಕ್ಕ ಅಂಗಡಿಯವರು ಒಂದು ಸ್ಟೂಲಿಗಾಗಿ ಕಾಯಿದೆಯನ್ನು ಕಾಯಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿದರೆ

ಉದಾಹರಣೆಗೆ, ದಿನಕ್ಕೆ 9 ಗಂಟೆಯಂತೆ ತಿಂಗಳಿಗೆ 26 ದಿನ ದುಡಿಯುವ ಒಬ್ಬ ನೌಕರನನ್ನು ತೆಗೆದುಕೊಳ್ಳಬಹುದು. ಊಟದ ವಿರಾಮವಲ್ಲದೆ ಬೆಳಿಗ್ಗೆ 5 ನಿಮಿಷ, ಸಂಜೆ 5 ನಿಮಿಷ ವ್ಯಾಯಾಮಕ್ಕೆ ಬಿಟ್ಟರೆ ದಿನಕ್ಕೆ 540 ನಿಮಿಷಗಳಲ್ಲಿ 10 ನಿಮಿಷ, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ತಿಂಗಳಿಗೆ 260 ನಿಮಿಷ. ಕಾಲುನೋವಿನಿಂದ ಆತನು ತಿಂಗಳಲ್ಲಿ ಒಂದೇ ಒಂದು ದಿನ ರಜೆ ಹಾಕಿದರೂ ಹೋಗುವುದು 540 ನಿಮಿಷ. ಅಂದರೆ ಎರಡು ತಿಂಗಳಿಗೆ ಒಂದು ರಜೆ ಉಳಿದರೆ ವ್ಯಾಯಾಮಕ್ಕೆ ಕೊಟ್ಟ ಸಮಯವೆಲ್ಲ ಮರಳಿ ಬಂದಂತೆ. ಗಂಟೆಗೊಮ್ಮೆ ಕೌಂಟರಿನ ಹಿಂದೆ ಹಿಮ್ಮಡಿ ಎತ್ತುವುದನ್ನು ಗಿರಾಕಿ ಇಲ್ಲದ ವೇಳೆಯಲ್ಲೇ ಮಾಡಬಹುದಾದ್ದರಿಂದ ಅದಕ್ಕೆ ಖರ್ಚೇ ಇಲ್ಲ.

ರಜೆಯ ಲೆಕ್ಕದಲ್ಲಿ ಬಾರದ ನಷ್ಟಗಳೂ ಇವೆ. ಸಂಜೆ ಆರರಿಂದ ಎಂಟರವರೆಗೆ ಅಂಗಡಿಯಲ್ಲಿ ಗಿರಾಕಿಗಳ ಸಂದಣಿ ಹೆಚ್ಚು. ಸಿಬ್ಬಂದಿಯ ಕಾಲು ಅತಿಯಾಗಿ ನೋಯುವುದೂ ಅದೇ ವೇಳೆ. ಹತ್ತನೆಯ ಸೀರೆಯನ್ನು ಬಿಡಿಸಿ ತೋರಿಸುವ ಉತ್ಸಾಹ ಉಳಿದಿದ್ದರೆ ಮಾರಾಟವಾಗುತ್ತದೆ, ಇಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಯಂತ್ರಕ್ಕೆ ವರ್ಷವರ್ಷವೂ ಸವಕಳಿ ತೋರಿಸಿ, ಎಣ್ಣೆ ಹಾಕಿ ಕಾಪಾಡುವ ಉದ್ಯಮಿಯು ನೌಕರನ ಕಾಲಿನ ಸವಕಳಿಯನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಆದರೂ ಅದು ನಡೆದೇ ಇರುತ್ತದೆ. ಸ್ಟೂಲು, ರಬ್ಬರ್ ಹಾಸುಗಳಿಗೆ ಮಾಡಿದ ಖರ್ಚನ್ನು ವ್ಯಾಪಾರದ ಪುಸ್ತಕಗಳಲ್ಲಿ ಸರಿಯಾಗಿ ನಮೂದಿಸಿ ಬಿಲ್ಲುಗಳನ್ನು ಇಟ್ಟುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎಲ್ಲ ಕಾಲುನೋವೂ ನಿಂತದ್ದರಿಂದ ಬರುವುದಲ್ಲ. ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮವನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು:

• ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಕೆಂಪಾಗಿ ನೋಯುವುದು. ಇದು ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಏದುಸಿರು, ಎದೆನೋವು ಬಂದರೆ ಪ್ರಾಣಾಪಾಯವಿದೆ.
• ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುವುದು. ಶುದ್ಧ ರಕ್ತದ ನಾಳ ಕಿರಿದಾಗಿರಬಹುದು. ಧೂಮಪಾನಿಗಳಲ್ಲಿ ಇದು ಹೆಚ್ಚು.
• ಹರಡಿನ ಬಳಿ ಚರ್ಮ ಕಪ್ಪಾಗುವುದು, ಮಾಯದ ಹುಣ್ಣು.
• ಸೊಂಟದಿಂದ ಪಾದದವರೆಗೆ ಸೆಳೆತ, ಜೋಮು, ಬಲಹೀನತೆ.
• ಎರಡೂ ಕಾಲುಗಳಲ್ಲಿ ಬೆಳಗಾದರೂ ಇಳಿಯದ ಊತ. ಹೃದಯ, ಮೂತ್ರಪಿಂಡಗಳ ಪರೀಕ್ಷೆ ಬೇಕಾಗಬಹುದು.

ಸಕ್ಕರೆ ಕಾಯಿಲೆ ಇರುವವರು ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆ ಇರಬಹುದಾದ್ದರಿಂದ ಬರಿಗಾಲಿನಲ್ಲಿ ನಿಲ್ಲಬಾರದು, ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು. ಬಿಗಿಯಾದ ವೈದ್ಯಕೀಯ ಕಾಲುಚೀಲಗಳು ಉಬ್ಬಿದ ನಾಳದವರಿಗೆ ಉಪಯುಕ್ತವಾದರೂ ರಕ್ತಸಂಚಾರ ಕಡಿಮೆ ಇರುವ ಕಾಲಿಗೆ ಕೇಡು ಮಾಡಬಲ್ಲವು; ಅಂಗಡಿಯಿಂದ ಸ್ವಂತವಾಗಿ ಕೊಂಡು ತೊಡದೆ ವೈದ್ಯರನ್ನು ಕೇಳಬೇಕು. ದಿನವೂ ನೋವಿನ ಮಾತ್ರೆ ನುಂಗುವ ಅಭ್ಯಾಸವು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಕರ. ಪೇಟೆಯ ಅಂಚಿನಲ್ಲೇ ಇರುವ ವಿಕ್ಟೋರಿಯಾ ಆಸ್ಪತ್ರೆ, ಇ.ಎಸ್.ಐ. ಸೌಲಭ್ಯವುಳ್ಳವರಿಗೆ ರಾಜಾಜಿನಗರದ ಆಸ್ಪತ್ರೆ ಇವೆ. ಅಲ್ಲಿಗೆ ಹೋಗಿ ಬರಲು ನೌಕರನಿಗೆ ಅರ್ಧ ದಿನದ ಬಿಡುವು ಕೊಡುವುದು ಮಾಲೀಕನ ಕರ್ತವ್ಯ.

ಯಾವಾಗ ಆರಂಭಿಸಬೇಕು?

ಆಷಾಢದ ರಿಯಾಯಿತಿ ಮಾರಾಟ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ ಎಂದು ಒಂದರ ಬೆನ್ನಿಗೆ ಒಂದು ಬರುವ ತಿಂಗಳುಗಳಲ್ಲಿ ಪೇಟೆಯ ಸಿಬ್ಬಂದಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಸ್ನಾಯುಗಳಿಗೆ ಬಲ ಬರಲು ಎಂಟು ವಾರ ಬೇಕೆಂದ ಮೇಲೆ ವೈಶಾಖದಲ್ಲೇ ಅಭ್ಯಾಸವನ್ನು ಆರಂಭಿಸುವುದು ಸೂಕ್ತ. ಬೆಳಿಗ್ಗೆ ಬಾಗಿಲು ತೆರೆದು, ಪೂಜೆ ಮುಗಿಸಿ, ಮೊದಲ ಗಿರಾಕಿ ಬರುವುದಕ್ಕೆ ಮುನ್ನ ಐದು ನಿಮಿಷ ಮಾಲೀಕರೂ ಸಿಬ್ಬಂದಿಯೂ ಒಟ್ಟಿಗೆ ಹಿಮ್ಮಡಿ ಎತ್ತಿ ಇಳಿಸಿದರೆ ಸಂಕೋಚ ಹೋಗುತ್ತದೆ. ಮಾಲೀಕರೇ ಮಾಡುವುದನ್ನು ಕಂಡರೆ, ಹಗಲಿನಲ್ಲಿ ಕೌಂಟರಿನ ಹಿಂದೆ ಅದನ್ನು ಮಾಡಲು ಅಥವಾ ಎರಡು ನಿಮಿಷ ಸ್ಟೂಲಿನ ಮೇಲೆ ಕೂರಲು ಯಾರೂ ಹಿಂಜರಿಯುವುದಿಲ್ಲ.